ನೀವು ಒಪ್ಪಿಕೊಂಡ ನನ್ನ ತಪ್ಪು

ನನಗೆ ವಕೀಲಿ ಕಲಿಸಿದ ರಾಯರಿಗೆ, ನಿಮ್ಮ ಬೀರಪ್ಪನ ನಮಸ್ಕಾರಗಳು.

ಇವತ್ತು ಮಧ್ಯಾಹ್ನ ಕೋರ್ಟಿನಿಂದ ಇಳಿದವನು ಸೀದಾ ನಿಮ್ಮ ಮನೆಗೆ ಬಂದೆ. ಯೋಚನೆ ಮಾಡಿ ಬಂದದ್ದಲ್ಲ, ಕಾಲು ಕರೆತಂದವು. ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, "ರಾಯರ, ಎಲ್ಲಪ್ಪನ ಫೈಸಲಾ ಬಂತ್ರೀ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿಯೂಬಿಟ್ಟೆ. ಒಳಗೆ ನಿಮ್ಮ ಮನೆಯವರು, ಅಮ್ಮನವರು, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಆಗ ನೆನಪಾಯಿತು, ನೀವಿಲ್ಲ. ನೀವು ಹೋಗಿ ಎಂಟು ತಿಂಗಳಾಯಿತು. ಎಂಟು ತಿಂಗಳಾದರೂ ಈ ಮಂದ ತಲೆಗೆ ಅದು ಹೋಗುವುದಿಲ್ಲ ಅಂದರೆ ಏನು ಹೇಳಲಿ?

ಕನ್ನಡದಲ್ಲೇ ಬರೆಯುತ್ತಿದ್ದೇನೆ, ಹೆದರಬೇಡಿ. ಉರ್ದು ಶಾಲೆಯಲ್ಲಿ ಓದಿದ ನನ್ನ ಕನ್ನಡ ನೋಡಿ ನೀವು ನಗುತ್ತಿದ್ದಿರಿ, "ನಿನ್ನ ಒಂದೊಂದು ಸಾಲಿಗೂ ಉರ್ದು ಟೊಪಗಿ ಹಾಕಿ ಕೂಡಸ್ತೀಯಲ್ಲೋ" ಅಂತ. ನಗಿ, ಪರವಾಗಿಲ್ಲ. ಆದರೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಒಂದು, ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ಎರಡು, ನಿಮಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ, ಅದೂ ಕೋರ್ಟಿನಲ್ಲಿ, ಎಲ್ಲರೆದುರು.

ಮೊದಲ ಸಲ ನಿಮ್ಮ ಪಡಸಾಲೆಗೆ ಬಂದ ದಿನ ನಿಮಗೆ ನೆನಪಿರಲಿಕ್ಕಿಲ್ಲ. ನನಗಿದೆ. ದೇವದುರ್ಗದ ಕಡೆಯ ಕುರಿಗಾರರ ಮಗ, ಹೊಸದಾಗಿ ವಕೀಲಿ ಸನದು ಕೈಗೆ ಬಂದಿತ್ತು. ರಾಯಚೂರಿನ ಮೂರು ಜನ ವಕೀಲರು ನನ್ನನ್ನು ನಿಲ್ಲಿಸಿಕೊಂಡೇ ಯಾರ ಪೈಕಿ, ಯಾವ ಮಂದಿ ಅಂತ ಕೇಳಿ, ನೋಡೋಣ ಎಂದು ಕಳಿಸಿದ್ದರು. ನೀವು ಮಾನ್ವಿಯ ಪೂಜಾರಿ ಮನೆತನದವರು. ನಿಮ್ಮ ತಂದೆ, ಅಜ್ಜ ಗುಡಿಯಲ್ಲಿ ಪಂಚಾಂಗ ಓದಿದವರು. ನೀವಂತೂ ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತೀರಿ ಎಂದುಕೊಂಡಿದ್ದೆ. ನೀವು ಕೇಳಿದ್ದು ಒಂದೇ: "ಊಟ ಆಗ್ಯದೇನು?" ಆಗಿಲ್ಲ ಅಂದೆ. ಅಮ್ಮನವರು ಪಡಸಾಲೆಯಲ್ಲೇ ಎಲೆ ಹಾಕಿಸಿದರು, ನೀವು ಒಳಗೆ ಉಂಡಿರಿ. ನಾನಿದ್ದ ಐದು ವರ್ಷವೂ ಅದು ಹಾಗೇ ನಡೆಯಿತು. ಅದರ ಬಗ್ಗೆಯೂ ನನಗೆ ಒಳಗೊಳಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಎಲೆಯ ಮೇಲಿನ ಅನ್ನ ಒಂದು ದಿನವೂ ಆರಿದ್ದಿರಲಿಲ್ಲ.

ಕೈಕಾಲು ಮುರಿದುಕೊಂಡು ಬಂದವರ ಜೊತೆ ನೀವು ಮಾತಾಡುತ್ತಿದ್ದ ರೀತಿ ಮಾತ್ರ ನಾನು ಬೇರೆಲ್ಲೂ ನೋಡಿಲ್ಲ. ಕಲ್ಮಲದಿಂದ ಬಾವಿ ತೋಡುವವನೊಬ್ಬ ಬಂದಿದ್ದ, ಮೇಲಿಂದ ಕಲ್ಲು ಬಿದ್ದು ಸೊಂಟ ಹೋಗಿತ್ತು. ನಾನು ಮಸಿಯ ದೌತಿ, ಬರೆಯುವ ಟಾಕು ಇಟ್ಟುಕೊಂಡು ದೊಡ್ಡ ಅಮಲ್ದಾರನ ಹಾಗೆ ಕೂತು, "ತಾರೀಖು ಹೇಳು" ಅಂದೆ. ಅವನು ಕಣ್ಣು ಕಣ್ಣು ಬಿಟ್ಟ. ನೀವು ನನ್ನ ಕೈಯಿಂದ ಟಾಕು ಕಸಿದುಕೊಂಡಿರಿ. "ತಾರೀಖು ಅವನಿಗ್ಯಾಕ ಗೊತ್ತಿರ್ತದೋ? ಆವತ್ತು ಮನ್ಯಾಗ ಏನು ಅಡಿಗಿ ಮಾಡಿದ್ರು ಕೇಳು. ಯಾವ ಹಬ್ಬದ ಹಿಂದ, ಯಾವ ಸಂತಿ ಮುಂದ ಕೇಳು. ತಾರೀಖು ಹುಡುಕೋದು ನಮ್ಮ ಕೆಲಸ, ಅವನದಲ್ಲ." ಆಮೇಲೆ ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಬಾವಿ ನೋಡಲು ನೀವೇ ಹೋದಿರಿ. ಕಲ್ಲು ಎಲ್ಲಿತ್ತು, ಹಗ್ಗ ಎಲ್ಲಿತ್ತು, ಯಜಮಾನ ಎಲ್ಲಿ ನಿಂತಿದ್ದ, ಎಲ್ಲ ಕೇಳಿದಿರಿ. ಬಾವಿಗೆ ಇಣುಕುವಾಗ ನಾನು ನಿಮ್ಮ ಧೋತರ ಹಿಡಿದುಕೊಂಡಿದ್ದೆ. ಬಿದ್ದರೆ ನಿಮ್ಮ ಪರವಾಗಿ ಅರ್ಜಿ ಬರೆಯುವವರು ಯಾರು ಎಂದು ತಮಾಷೆ ಮಾಡಿದ್ದಕ್ಕೆ ಊರಿನತನಕ ಬೈದಿರಿ.

ಎಲ್ಲಪ್ಪ ಬಂದದ್ದು ಒಂದು ಶ್ರಾವಣ ಸೋಮವಾರ. ನೀರಮಾನ್ವಿಯವನು, ನಮ್ಮದೇ ಮಂದಿ, ಕುರಿ ಕಾಯ್ದುಕೊಂಡಿದ್ದವನು. ಪರದೇಶದ ಲಡಾಯಿ ಶುರುವಾದ ಮೇಲೆ ಹತ್ತಿಗೆ ಕೇಳಿಕೆ ಹೆಚ್ಚಿ ರಾಯಚೂರಿನ ಹತ್ತಿ ಗಿರಣಿಗಳಲ್ಲಿ ಆಳು ಸಾಲುತ್ತಿರಲಿಲ್ಲ. ಅಲ್ಲಿಗೆ ಬಂದು ಸೇರಿದ್ದ. ಮಳೆ ಹಿಡಿಯುವ ಮುಂಚೆ ಉಳಿದ ಹತ್ತಿ ಮುಗಿಸಬೇಕೆಂದು ಮಾಲಕ ಅವಸರ ಮಾಡಿಸುವಾಗ ಬೀಜ ಬಿಡಿಸುವ ಯಂತ್ರಕ್ಕೆ ಅವನ ಬಲಗೈ ಸಿಕ್ಕಿತು. ಮಣಿಕಟ್ಟಿನ ಕೆಳಗೆ ಏನೂ ಉಳಿಯಲಿಲ್ಲ. ಗಿರಣಿಯವರು ಏನು ಹೇಳಿದರು? ಅವನು ಹಿಂದಿನ ದಿನವೇ ಕೆಲಸ ಬಿಟ್ಟಿದ್ದ, ಕುಡಿದು ಹೊರಗೆಲ್ಲೋ ಕೈ ಕಳೆದುಕೊಂಡ ಅಂತ.

ಅವತ್ತು ನಿಮ್ಮ ಮುಂದೆ ಕೂತು ಅವನು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಯಪ್ಪಾ, ಕೈ ಹೋತು, ಹೋಗ್ಲಿ. ಕುಡುಕ ಅಂತ ಊರ ತುಂಬ ಹೇಳಾಕತ್ಯಾರಲ್ರೀ. ನಾ ಕುಡ್ಯಾಂವಲ್ಲ. ಮಗಳಿಗೆ ಗಂಡು ಬಂದಿತ್ತು, ಕುಡುಕನ ಮನಿ ಸಂಬಂಧ ಬ್ಯಾಡಂತ ಹೊಳ್ಳಿ ಹೋದ್ರು. ಎಲ್ಲಪ್ಪ ಸುಳ್ಳು ಹೇಳಾಂವಲ್ಲ ಅಂತ ಕೋರ್ಟಿನ್ಯಾಗ ಒಂದು ಸಾಲು ಬರಸ್ರಿ. ನನಗ ಅಷ್ಟ ಸಾಕು."

"ಬರಸೋಣ," ಅಂದಿರಿ ನೀವು. "ಅದರ ಜೋಡಿ ನಿನ್ನ ಹೊಟ್ಟಿದೂ ಬರಸೋಣ. ಕೆಲಸದಾಗ ಕೈ ಹೋದ್ರ ಮಾಲಕ ಪರಿಹಾರ ಕೊಡಬೇಕು ಅಂತ ಈಗ ಕಾಯ್ದೆ ಅದ. ಅದು ಭಿಕ್ಷಾ ಅಲ್ಲ, ತಿಳೀತಿಲ್ಲೋ?" ಅವನ ಹೆಂಡತಿ ದುರ್ಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನೀವು ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದಿರಿ.

ಮುಂದಿನ ವಾರ ನಿಮ್ಮ ತಂದೆಯ ಶ್ರಾದ್ಧಕ್ಕೆ ನೀವು ಮಾನ್ವಿಗೆ ಹೋದಿರಿ. ಅರ್ಜಿ ಹಾಕುವ ಮುದ್ದತ್ತು ಮುಗಿಯುತ್ತ ಬಂದಿತ್ತು, "ನೀನೇ ಬರದು ಹಾಕು" ಎಂದು ನನಗೆ ಬಿಟ್ಟಿರಿ. ನಾನು ನೀವು ಕಲಿಸಿದ ಹಾಗೇ ಎಲ್ಲಪ್ಪನನ್ನು ಕೇಳಿದೆ. "ಕಾರಹುಣ್ಣಿವಿಗೆ ಎರಡು ದಿನ ಇತ್ರೀ, ದುರ್ಗಿ ಎತ್ತಿನ ಕೋಡಿಗೆ ಬಣ್ಣ ತಾ ಅಂದಿದ್ಲು" ಅಂದ. ನಿಮ್ಮ ಗೂಟಕ್ಕೆ ನೇತುಹಾಕಿದ್ದ ಪಂಚಾಂಗ ತೆಗೆದೆ. ಕುರಿಗಾರನ ಮಗ ಪಂಚಾಂಗ ನೋಡುವುದು ಕಲಿತಿದ್ದಾನೆ ಎಂದು ನೀವು ಬಂದ ಮೇಲೆ ಬೆನ್ನು ತಟ್ಟಬೇಕು, ಅಷ್ಟು ಆಸೆ ನನಗೆ. ಜ್ಯೇಷ್ಠ ಅಂತ ಕಂಡ ಪುಟದಲ್ಲಿ ಹುಣ್ಣಿಮೆ ಹುಡುಕಿ, ಎರಡು ದಿನ ಹಿಂದೆ ಹೋಗಿ, ಅದಕ್ಕೆ ಹೊಂದುವ ಸರಕಾರಿ ಫಸಲಿ ತಾರೀಖು ಬರೆದೆ. ಕೋರ್ಟಿನವರಿಗೆ ಬೇಕಾದದ್ದು ಫಸಲಿ ತಿಂಗಳು ತಾನೇ.

ಆ ವರ್ಷ ಎರಡು ಜ್ಯೇಷ್ಠ ಇದ್ದವು, ರಾಯರೇ. ನಾನು ನೋಡಿದ್ದು ಅಧಿಕ ಮಾಸದ ಪುಟ. ಅಧಿಕದಲ್ಲಿ ಯಾರಾದರೂ ಕಾರಹುಣ್ಣಿಮೆ ಮಾಡುತ್ತಾರೆಯೇ? ಅದು ನಿಜ ಜ್ಯೇಷ್ಠದಲ್ಲಿ, ಒಂದು ತಿಂಗಳು ಆಚೆ. ಫಸಲಿಯ ಅಮರ್ದಾದ್ ತಿಂಗಳು ಎಂದು ಬರೆಯಬೇಕಾದಲ್ಲಿ ಅದರ ಹಿಂದಿನ ತೀರ್ ಎಂದು ಬರೆದೆ. ಇದು ಪಂಚಾಂಗ ಓದಲು ಬಾರದ್ದರಿಂದ ಆದದ್ದು ಅಂತ ಹೇಳಿಕೊಂಡರೆ ಅದೂ ಪೂರ್ತಿ ನಿಜವಲ್ಲ. ಆ ವರ್ಷ ಕಾರಹುಣ್ಣಿಮೆಗೆ ಊರಿಗೆ ಬಾ ಎಂದು ನನ್ನವ್ವ ಎರಡು ಸಲ ಹೇಳಿ ಕಳಿಸಿದ್ದಳು. ಕೋಟು ಹಾಕಿಕೊಂಡು ಎತ್ತಿಗೆ ಬಣ್ಣ ಬಳಿಯಲಿಕ್ಕೆ ಯಾರು ಹೋಗುತ್ತಾರೆ ಎಂದು ನಾನು ಹೋಗಲಿಲ್ಲ. ಹೋಗಿದ್ದರೆ ಹಬ್ಬ ಯಾವಾಗ ಬಂತೆಂದು ಪಂಚಾಂಗ ಕೇಳಬೇಕಾಗಿತ್ತೇನು?

ವಿಚಾರಣೆಗೆ ಕರೆದ ಆ ಪೇಶಿಯ ದಿನ ನೆನಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎಲ್ಲಪ್ಪನ ಕೈ ಸಿಕ್ಕಾಗ ಯಂತ್ರದ ಪಟ್ಟಾ ಎಳೆದು ನಿಲ್ಲಿಸಿದ ಜೊತೆಯ ಆಳು, ಮಟಮಾರಿಯ ಹುಸೇನಿ, ಕಾರಹುಣ್ಣಿಮೆಗೆ ಎರಡು ದಿನ ಇತ್ತು ಎಂದು ಸಾಕ್ಷಿ ಹೇಳಿ ಇಳಿದಿದ್ದ. ಗಿರಣಿಯ ವಕೀಲರು ಎದ್ದು ಹಾಜರಿ ಪುಸ್ತಕ ತೆರೆದರು. ಅರ್ಜಿಯಲ್ಲಿ ಬರೆದ ತಾರೀಖು ಕಳೆದ ಮೇಲೂ ಒಂದು ತಿಂಗಳು ಪೂರ್ತಿ ಎಲ್ಲಪ್ಪ ಎರಡು ಕೈಯಿಂದ ಕೆಲಸ ಮಾಡಿದ್ದಾನಲ್ಲ, ಇವನ ಕೈ ಎಷ್ಟು ಸಲ ಹೋಯಿತು ಎಂದು ಕೇಳಿದರು. ಕೋರ್ಟೆಲ್ಲ ನಕ್ಕಿತು. ಎಲ್ಲಪ್ಪನಿಗೆ ಉರ್ದು ತಿಳಿಯದು, ಅವನೂ ಎಲ್ಲರನ್ನು ನೋಡಿ ಸ್ವಲ್ಪ ನಕ್ಕ. ನೀವು ಅರ್ಜಿ ಎತ್ತಿ ನೋಡಿದಿರಿ, ಬೆರಳು ಮಡಚಿ ಎಣಿಸಿದಿರಿ. ಆಮೇಲೆ ಒಂದೇ ಒಂದು ಸಲ ನನ್ನನ್ನು ನೋಡಿದಿರಿ. ನಿಮಗೆ ತಿಳಿದುಹೋಯಿತು ಎಂದು ನನಗೂ ತಿಳಿಯಿತು.

ನಾನು ಏಳಬೇಕಿತ್ತು. ಎದ್ದವರು ನೀವು. "ಹುಜೂರ್, ಎಣಿಕೆ ನನ್ನದು. ಅಧಿಕ ಮಾಸ ಮರೆತೆ. ಈ ಬಡವನದೇನೂ ತಪ್ಪಿಲ್ಲ" ಎಂದಿರಿ. ಮುನ್ಸಿಫ್ ಸಾಹೇಬರು ಒಪ್ಪಲಿಲ್ಲ. ದವಾಖಾನೆಯ ಪುಸ್ತಕ ತರಿಸಿ ಎಂದು ಕೇಳಿದಿರಿ, ಅರ್ಜಿಯ ತಾರೀಖೇ ಬೇರೆ ಇರುವಾಗ ಆ ಪುಸ್ತಕ ಯಾತಕ್ಕೆ ಎಂದರು. ಎಲ್ಲಪ್ಪನ ಮಾತು ನಂಬುವಂಥದ್ದಲ್ಲ ಎಂದು ಬರೆದು ಅರ್ಜಿ ವಜಾ ಮಾಡಿದರು. ಹೊರಗೆ ಬಂದಾಗ ಅವನು ನಿಮ್ಮನ್ನು ಕೇಳಿದ್ದು, "ಯಪ್ಪಾ, ಏನಂತ ಬರದಾರ್ರೀ?" ನೀವು ಅವನ ಹೆಗಲ ಮೇಲೆ ಕೈ ಇಟ್ಟಿರಿ. ಯಾರನ್ನೂ ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ನೀವು ಬದನೆಕಾಯಿಯ ಮಾತು ತೆಗೆದಿರಿ. ಕೊನೆಗೆ ನಾನೇ ಅಡ್ಡ ನಿಂತೆ. "ರಾಯರ, ನಾಳಿ ಹೋಗಿ ನಾ ಬರದದ್ದು ಅಂತ ಹೇಳ್ತೀನ್ರಿ."

"ಹೇಳಿ? ಕುರುಬನ ಕೈಯಾಗ ಪಂಚಾಂಗ ಕೊಟ್ರ ಇನ್ನೇನಾಗ್ತದ ಅಂತ ಆ ಕೋರ್ಟೆಲ್ಲ ನಗಬೇಕೇನು? ನಾಳಿಯಿಂದ ನಿನ್ನ ಹತ್ರ ಯಾವ ಕಕ್ಷಿಗಾರ ಬರ್ತಾನ? ನನ್ನದು ಹಳೇ ಹೆಸರು, ಒಂದು ಕಲೆ ಬಿದ್ರ ತಡಕೋತದ. ಈ ಮಾತು ಇಲ್ಲಿಗೆ ಮುಗೀತು. ಯಾರ ಮುಂದೂ ಬಾಯಿ ಬಿಡಬಾರದು. ಮಾತು ಕೊಡು."

ಕೊಟ್ಟೆ. ಆ ಕ್ಷಣ ನನಗೆ ಆದದ್ದು ದುಃಖ ಅಲ್ಲ ರಾಯರೇ, ನೆಮ್ಮದಿ. ಥೂ ನನ್ನ ಜನ್ಮಕ್ಕಿಷ್ಟು! ಬದುಕಿಕೊಂಡೆ ಅನ್ನಿಸಿತು. ಆ ನೆಮ್ಮದಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಯುಗಾದಿಯ ಆ ಮುಂಜಾನೆಯನ್ನು ನಾನು ಮರೆತಿಲ್ಲ. ನಿಮ್ಮ ಬೀದಿಯ ಗುಡಿಯಲ್ಲಿ ಪ್ರತಿ ವರ್ಷ ಪಂಚಾಂಗ ಓದುತ್ತಿದ್ದವರು ನೀವು. ಅಧಿಕ ಮಾಸ ಮರೆತವರೆಂದು ಆ ವರ್ಷ ಬೇರೆಯವರನ್ನು ಕೂರಿಸಿದ್ದರು. ಯಾರೂ ನಿಮಗೆ ಬೇಡ ಅನ್ನಲಿಲ್ಲ, ಬರ್ರಿ ಎಂದೂ ಕರೆಯಲಿಲ್ಲ. ನೀವು ಸ್ನಾನ ಮಾಡಿ, ಹಣೆಗೆ ಅಕ್ಷತೆ ಅಂಗಾರ ಹಚ್ಚಿಕೊಂಡು, ಕೇಳುವವರ ಸಾಲಿನಲ್ಲಿ ಹೋಗಿ ಕೂತಿರಿ. ನಾನು ಗುಡಿಯ ಹೊರಗೆ ಬೇವಿನ ಮರದ ಕೆಳಗೆ ನಿಂತು ನೋಡಿದೆ. ಹೊಸಬರು ಒಂದು ಕಡೆ ತಡವರಿಸಿದಾಗ ನಿಮ್ಮ ತುಟಿ ಅಲುಗಿತು, ಆದರೆ ನೀವು ತಿದ್ದಲಿಲ್ಲ. ಒಂದು ಮಾತು ಹೇಳಿದ್ದರೆ ಎಲ್ಲ ಸರಿಯಾಗುತ್ತಿತ್ತು, ಆ ಒಂದು ಮಾತು ನನ್ನ ಬಾಯಲ್ಲಿತ್ತು, ನಾನು...

ನೀವು ಹೋದ ಆಷಾಢದಲ್ಲಿ ನಾನು ದೇವದುರ್ಗದಲ್ಲಿದ್ದೆ. ಕಲ್ಲು ಒಡೆಯುವಾಗ ಕಣ್ಣು ಕಳೆದುಕೊಂಡ ಹೆಂಗಸಿನ ಖಟ್ಲೆ, ನೀವೇ ಕಳಿಸಿದ್ದಿರಿ. ಹೊರಡುವಾಗ ನಿಮಗೆ ಸಣ್ಣ ಜ್ವರ ಇತ್ತು, ಆದರೂ ಏಕಾದಶಿಯ ಉಪವಾಸ ಬಿಡಲಿಲ್ಲ. ಬಂದ ಮೇಲೆ ಮಾತು ವಾಪಸು ತಗೊಳ್ಳಿ ಎಂದು ನಿಮ್ಮ ಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದೆ. ಸುದ್ದಿ ಬಂತು. ಲಡಾಯಿಯ ಕಾಲ, ಪೆಟ್ರೋಲಿಲ್ಲದೆ ಮೋಟಾರು ನಿಂತಿತ್ತು. ಎತ್ತಿನ ಗಾಡಿಯಲ್ಲಿ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಡಸಾಲೆ ತೊಳೆದಿದ್ದರು. ನಿಮ್ಮ ಮೇಜಿನ ಮೇಲೆ ಎಲ್ಲಪ್ಪನ ಅಪೀಲಿನ ಕಾಗದ ಅರ್ಧ ಬರೆದದ್ದು ಇತ್ತು. ಇಷ್ಟು ಅವಸರ ಯಾಕೆ ಮಾಡಿದಿರಿ? ಇನ್ನೆರಡು ದಿನ ಕಾಯಲಾಗುತ್ತಿರಲಿಲ್ಲವೇ?

ಅಪೀಲು ನಾನೇ ಪೂರ್ತಿ ಮಾಡಿ ಹಾಕಿದೆ. ಜಡ್ಜ್ ಸಾಹೇಬರು ದವಾಖಾನೆಯ ಪುಸ್ತಕ ತರಿಸಿದರು. ಅದರಲ್ಲಿ ಕಾರಹುಣ್ಣಿಮೆಗೆ ಎರಡು ದಿನ ಮೊದಲು ಎಲ್ಲಪ್ಪನನ್ನು ಕರೆತಂದದ್ದು ಸರಿಯಾಗಿ ಬರೆದಿತ್ತು. ಗೆದ್ದೆವು ಎಂದುಕೊಂಡೆ. ಆಗ ಗಿರಣಿಯ ವಕೀಲರು ಎದ್ದು ಏನು ಹೇಳಿದರು ಗೊತ್ತೇ? ಕೈ ಹೋದದ್ದು ಆ ದಿನ ಇರಬಹುದು, ಆದರೆ ಗಿರಣಿಯಲ್ಲಿ ಹೋದದ್ದಲ್ಲ. ಅದಕ್ಕೇ ಎಲ್ಲಪ್ಪ ಮೊದಲು ಬೇರೆಯೇ ತಾರೀಖು ಕಟ್ಟಿ ಹೇಳಿದ. ಅದನ್ನು ಮರೆವು ಅನ್ನುವ ಹಾಗಿಲ್ಲ. "ತೀರಿಹೋದ ರಾಯರು ಈ ಊರಿಗೆಲ್ಲ ಪಂಚಾಂಗ ಓದಿ ಹೇಳಿದವರು. ಅಂಥವರು ಅಧಿಕ ಮಾಸ ಮರೆಯುತ್ತಾರೆಯೇ?" ಜಡ್ಜ್ ಸಾಹೇಬರು ತಲೆದೂಗಿದರು.

ನೋಡಿದಿರಾ? ನನ್ನನ್ನು ಉಳಿಸಲು ನೀವು ಹೇಳಿದ ಒಂದು ಸುಳ್ಳು ಹೋಗಿ ಎಲ್ಲಪ್ಪನ ಕುತ್ತಿಗೆಗೆ ಬಿದ್ದಿತ್ತು. ನಾನು ಸುಮ್ಮನಿದ್ದರೆ ಅವನು ಸಾಯುವತನಕ ಸುಳ್ಳುಗಾರ, ಕುಡುಕ. ಬಾಯಿ ಬಿಟ್ಟರೆ, ಜೀವಮಾನದಲ್ಲಿ ಕೋರ್ಟಿನೆದುರು ಒಂದು ಸುಳ್ಳು ಹೇಳದ ಮನುಷ್ಯ ಸುಳ್ಳು ಹೇಳಿದರು ಎಂದು ನಾನೇ ಹೇಳಬೇಕು, ಅದೂ ನೀವು ಉತ್ತರ ಕೊಡಲು ಇಲ್ಲದಾಗ. ಹಿಂದಕ್ಕೆ ತಿರುಗಿದೆ. ಎಲ್ಲಪ್ಪ ಗೋಡೆಗೆ ಒರಗಿ ನಿಂತಿದ್ದ, ಏನು ನಡೆದಿದೆ ಎಂದು ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದ.

ವಕೀಲನಾಗಿ ನಿಂತವನು ಸಾಕ್ಷಿ ಹೇಳುವಂತಿಲ್ಲವಲ್ಲ. ಪಕ್ಕದಲ್ಲಿದ್ದ ವಕೀಲರೊಬ್ಬರ ಕೈಗೆ ಫೈಲು ಕೊಟ್ಟು, ಸಾಹೇಬರ ಅಪ್ಪಣೆ ಕೇಳಿ, ಸಾಕ್ಷಿಯ ಕಟಕಟೆ ಹತ್ತಿದೆ. ಅರ್ಜಿ ಬರೆದದ್ದು ನಾನು, ಸಹಿ ನನ್ನದು, ರಾಯರು ಆ ವಾರ ಮಾನ್ವಿಯಲ್ಲಿದ್ದರು, ಎಲ್ಲಪ್ಪ ಕಾರಹುಣ್ಣಿಮೆ ಎಂದೇ ಹೇಳಿದ್ದ, ಪಂಚಾಂಗದ ತಪ್ಪು ಪುಟ ನೋಡಿದವನು ನಾನು ಎಂದೆ. ಅವನ ಮಾತನ್ನು ಅವನ ಬಾಯಲ್ಲಿ ಬಂದ ಹಾಗೇ ಗುರುತು ಮಾಡಿಕೊಂಡಿದ್ದ ನನ್ನ ಹಳೆಯ ವಹಿಯನ್ನೂ ಮುಂದಿಟ್ಟೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀವು ಹೆದರಿದ್ದ ಆ ನಗು. ನಗಲಿ ಬಿಡಿ, ನನಗೇನೂ ಆಗಲಿಲ್ಲ. ನಾನು ಹೆದರಿದ್ದು ಅದಕ್ಕಲ್ಲ, ಆಮೇಲೆ ಬಂದ ಪ್ರಶ್ನೆಗೆ. "ಹಾಗಾದರೆ ನಿಮ್ಮ ಉಸ್ತಾದರು ಕೋರ್ಟಿನ ಮುಂದೆ ಸುಳ್ಳು ಹೇಳಿದರೇನು?" ಎಂದು ಸಾಹೇಬರು ಉರ್ದುವಿನಲ್ಲಿ ಮೆಲ್ಲಗೆ ಕೇಳಿದರು. "ಜೀ, ಹುಜೂರ್," ಅಂದೆ. "ನನಗಾಗಿ."

ಇವತ್ತು ಫೈಸಲಾ ಓದಿದರು. ಎಲ್ಲಪ್ಪ ಮೊದಲಿಂದ ಕೊನೆಯತನಕ ನಿಜವನ್ನೇ ಹೇಳಿದ್ದಾನೆ, ಕೈ ಹೋದದ್ದು ಗಿರಣಿಯ ಕೆಲಸದಲ್ಲೇ, ಅವನು ಕುಡಿದಿದ್ದ ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಮಾಲಕ ಪರಿಹಾರ ಕೊಡಬೇಕು. ಹೊರಗೆ ಕರೆದುಕೊಂಡು ಹೋಗಿ ಕನ್ನಡದಲ್ಲಿ ಹೇಳಿದೆ. ಅವನು ಪರಿಹಾರದ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಆ ಮೊದಲಿಂದು ಇನ್ನೊಮ್ಮಿ ಹೇಳ್ರಿ" ಅಂದ. ಹೇಳಿದೆ. "ಇನ್ನೊಮ್ಮಿ" ಅಂದ. ಮೂರನೆಯ ಸಲ ಅರ್ಧ ಹೇಳಿದ್ದೆ. ದುರ್ಗವ್ವನೇ ಪೂರ್ತಿ ಮಾಡಿದಳು. "ನಮ್ಮ ಊರಾಗ ಬಂದು ಎಲ್ಲಾರ ಮುಂದ ಹೇಳಬೇಕ್ರೀ" ಅಂದಳು. ನಾಡಿದ್ದು ನೀರಮಾನ್ವಿಗೆ ಹೋಗುತ್ತಿದ್ದೇನೆ.

ಆಮೇಲೆಯೇ ನಿಮ್ಮ ಮನೆಗೆ ಬಂದು ಕೂಗಿದ್ದು. ಅಮ್ಮನವರು ಹೊರಗೆ ಬಂದು ಕೂತರು. ಫೈಸಲಾದಲ್ಲಿ ನಿಮ್ಮ ಬಗ್ಗೆ ಬರೆದದ್ದೂ ಇದೆ, ಅದನ್ನು ಹೇಳದೆ ಏಳಬಾರದು ಎಂದುಕೊಂಡು ಹೇಳಿದೆ. ತನ್ನ ಶಿಷ್ಯನನ್ನು ಕಾಯಲು ದಿವಂಗತ ವಕೀಲರು ಈ ಅದಾಲತಿಗೆ ನಿಜವಲ್ಲದ ಮಾತು ಹೇಳಿದರು ಎಂದು ಬರೆದಿದ್ದಾರೆ ಅಮ್ಮಾ, ಅದನ್ನು ಬರೆಸಿದವನು ನಾನು ಎಂದೆ. "ನನಗ ಆವತ್ತೇ ಗೊತ್ತಿತ್ತೋ ಬೀರಪ್ಪಾ," ಅಂದರು. "ಆ ಅಧಿಕದಾಗ ಮೂವತ್ತಮೂರು ಸಿಹಿ ಅಪೂಪ ಎಣಿಸಿ ಎಣಿಸಿ ದಾನಾ ಕೊಟ್ಟ ಮನುಷ್ಯಾ, ತಿಂಗಳೆಲ್ಲಾ ಒಪ್ಪೊತ್ತು ಉಂಡ ಮನುಷ್ಯಾ ಅಧಿಕ ಮಾಸ ಮರೀತಾರೇನು? ಯಾಕ ಹಂಗಂದ್ರಿ ಅಂತ ಕೇಳಿದ್ರ, ಹುಡುಗ ಛಲೋ ವಕೀಲ ಆಗ್ತಾನ ಸುಮ್ಮನಿರು ಅಂದ್ರು."

ನಿಮ್ಮ ಹೆಸರಿನ ಮುಂದೆ ಸುಳ್ಳು ಎಂಬ ಮಾತು ಸರಕಾರದ ಕಾಗದದಲ್ಲಿ ಇನ್ನು ಯಾವತ್ತಿಗೂ ಇರುತ್ತದೆ ರಾಯರೇ. ಬರೆಸಿದ್ದು ನಾನು. ಮತ್ತೆ ಅದೇ ಕಟಕಟೆಗೆ ಕರೆದರೆ ಮತ್ತೆ ಬರೆಸುತ್ತೇನೆ. ಮಾತು ಕೊಟ್ಟು ಮುರಿದ ನಾಲಾಯಕ ಎಂದು ಬೈಯಬೇಕಿತ್ತು ನೀವು, ಕನ್ನಡಕ ಕೆಳಗಿಳಿಸಿ, ಪಡಸಾಲೆಯ ಆ ಕಡೆಯಿಂದ, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ. ಬೈಯಿರಿ. ಎಂಟು ತಿಂಗಳಾಯಿತು ಯಾರೂ ನನ್ನನ್ನು ಹಾಗೆ ಬೈದಿಲ್ಲ.

ನಿಮ್ಮವನೇ,
ಬೀರಪ್ಪ